ಜಲಸಂಗಿಯ ಶಾಸನಸುಂದರಿಯೂ ಕಪ್ಪು ಹಿನ್ನೆಲೆಯೂ

ಹುಮನಾಬಾದ ತಾಲ್ಲೂಕಿನ ಜಲಸಂಗಿಯ ಕಲ್ಮೇಶ್ವರ ದೇವಾಲಯದ ಹೊರಗೋಡೆಯಲ್ಲಿ ಶಾಸನ ಬರೆಯುತ್ತಿರುವ ಸುಂದರಿಯನ್ನು ನಮ್ಮ ಓದುಗರಿಗೆ ಹೊಸದಾಗಿ ಪರಿಚಯಿಸಬೇಕಿಲ್ಲ. ಆಕೆ ಬರೆಯುತ್ತಿರುವುದು ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (ಕ್ರಿ.ಶ. 1076–1126) ಹೊಗಳಿಕೆ, ಭಾಷೆ ಸಂಸ್ಕೃತ, ಲಿಪಿ ಕನ್ನಡ. ಈಚೆಗೆ ಈ ಶಿಲ್ಪವನ್ನು ಗೋಡೆಯಿಂದ ಬಿಡಿಸಿ, ಹಿಂದೆ ಕಪ್ಪು ಬಳಿದ ಚಿತ್ರಗಳು ಕಣ್ಣಿಗೆ ಬೀಳ್ತಿವೆ. ನೋಡಲಿಕ್ಕೆ ಚೆಂದವೇ, ಅನುಮಾನವಿಲ್ಲ. ಆದರೆ ಅವನ್ನು ಶಾಸನದ ದಾಖಲೆ ಎಂದು ಒಪ್ಪಬಹುದೇ ಎಂಬುದು ನನ್ನ ಪ್ರಶ್ನೆ.

ಫೋಟೋಶಾಪ್, ಗಿಂಪ್‌ಗಳಲ್ಲಿ ಲೇಯರ್ ಮಾಸ್ಕ್ ಅಂದರೆ ಚಿತ್ರದ ಮೇಲೆ ಹೊದಿಸುವ ಒಂದು ತೆರೆ. ತೆರೆಯಲ್ಲಿ ಬಿಳಿ ಇದ್ದ ಕಡೆ ಚಿತ್ರ ಕಾಣ್ತದೆ, ಕಪ್ಪು ಇದ್ದ ಕಡೆ ಮರೆಯಾಗ್ತದೆ, ಬೂದು ಇದ್ದರೆ ಅರೆಬರೆ ಕಾಣ್ತದೆ. ಕೆಳಗಿನ ಚಿತ್ರ ಅಳಿಯುವುದಿಲ್ಲ. ತೆರೆ ಸರಿಸಿದರೆ ಮತ್ತೆ ಸಿಗ್ತದೆ. ಹಾಗಾಗಿ ಮಾಸ್ಕ್ ಎಂಬ ಸಾಧನದ ಮೇಲೆ ನನ್ನ ತಕರಾರಿಲ್ಲ. ತಕರಾರು ಇರುವುದು ಮುಂದಿನ ಹೆಜ್ಜೆಯ ಮೇಲೆ: ಜೆಪೆಗ್ ಮಾಡಿ ಹಂಚುವಾಗ ಪದರಗಳೆಲ್ಲ ಒಂದಾಗಿ, ಯಾವುದು ಕಲ್ಲು, ಯಾವುದು ನಮ್ಮ ಕೈಚಳಕ ಎಂಬ ಗುರುತೇ ಉಳಿಯುವುದಿಲ್ಲ.

ಪಾಠ ಸಂಪಾದನೆಯಲ್ಲಿ ನಾವು ಇದಕ್ಕೆ ಒಪ್ಪುವುದಿಲ್ಲ. ಸಂಶಯವಿರುವ ಅಥವಾ ಊಹಿಸಿ ತುಂಬಿದ ಅಕ್ಷರವನ್ನು ಆವರಣದೊಳಗೆ ಹಾಕ್ತೇವೆ, ಹೋದ ಜಾಗಕ್ಕೆ ಚುಕ್ಕೆ ಇಡ್ತೇವೆ. ಓದುಗ ನಮ್ಮ ಊಹೆಯನ್ನು ಒಪ್ಪದೆ ಇರಬಹುದು; ಆ ಹಕ್ಕು ಆತನಿಗೆ ಉಳೀತದೆ. ಮಾಸ್ಕ್ ಮಾಡಿದ ಚಿತ್ರದಲ್ಲಿ ಅಂಥ ಆವರಣ ಎಲ್ಲಿದೆ? ಅಕ್ಷರದ ಅಂಚು ಎಳೆದಾಗಲೇ ಓದು ಮುಗಿದಿರ್ತದೆ. ಹಳಗನ್ನಡ ಲಿಪಿಯ ಅನುಸ್ವಾರ ಒಂದು ಸಣ್ಣ ಸೊನ್ನೆ. ಸವೆದ ಕಲ್ಲಿನಲ್ಲಿ ಅದೂ ಕುಳಿಯಂತೆಯೇ ಕಾಣ್ತದೆ. ಕುಳಿ ಎಂದುಕೊಂಡು ಮುಚ್ಚಿದರೆ ಅನುಸ್ವಾರ ಹೋಯ್ತು; ಕುಳಿಯನ್ನು ತೆರೆದಿಟ್ಟರೆ ಇಲ್ಲದ ಅನುಸ್ವಾರ ಬಂತು. ವರ್ಷದ ಅಂಕಿಗೂ ಇದೇ ಮಾತು. ಚಾಲುಕ್ಯ ವಿಕ್ರಮ ಶಕೆಯ ಒಂದು ಅಂಕಿ ಸೀಳಿನೊಳಗೆ ಸಿಕ್ಕಿದ್ದರೆ, ಸೀಳನ್ನು ಮರೆಮಾಡಿದ ಚಿತ್ರ ಇಟ್ಟುಕೊಂಡು ಕಾಲ ನಿರ್ಣಯ ಮಾಡಲಿಕ್ಕೆ ಆಗುವುದಿಲ್ಲ.

ಫೋನಿನಲ್ಲಿ ಒಂದು ಗುಂಡಿ ಒತ್ತಿ ಹಿನ್ನೆಲೆ ತೆಗೆಯುವುದು ಇನ್ನೂ ಅಪಾಯ. ಶಾಸನಕಲ್ಲಿನ ಮುರಿದ ಅಂಚು, ಮೇಲಿನ ಸೂರ್ಯಚಂದ್ರ, ಹಸು-ಕರು, ಮಣ್ಣಿನಲ್ಲಿ ಹುಗಿದ ಕೊನೆಯ ಸಾಲು ಇವು ಯಂತ್ರಕ್ಕೆ ಬೇಡದ ವಸ್ತುಗಳಾಗಿ ತೋರಬಹುದು. ಕಲ್ಲು ಹುಗಿದಿದೆ ಎಂಬುದೇ ಮುಖ್ಯ ಮಾಹಿತಿ: ಕೆಳಗೆ ಇನ್ನೂ ಓದುವುದಿದೆ ಎಂದು ಅದು ಹೇಳ್ತದೆ. ಸುತ್ತ ಕಪ್ಪು ಬಳಿದರೆ ಶಾಸನ ಅಲ್ಲಿಗೇ ಮುಗಿದಂತೆ ಕಾಣ್ತದೆ. ಜಲಸಂಗಿಯ ಸುಂದರಿಯನ್ನೂ ಗೋಡೆಯಿಂದ ಬಿಡಿಸಿದ ಮೇಲೆ ಆಕೆ ಯಾವ ಮೂಲೆಯಲ್ಲಿ, ಯಾವ ಶಿಲ್ಪದ ಪಕ್ಕ ನಿಂತಿದ್ದಾಳೆಂದು ಚಿತ್ರದಿಂದ ತಿಳಿಯುವ ದಾರಿಯಿಲ್ಲ.

ಅಚ್ಚುಪ್ರತಿಯೂ ಒಂದು ಬಗೆಯ ಮರೆಮಾಡುವಿಕೆಯಲ್ಲವೇ ಎಂದು ಕೇಳಬಹುದು. ಹೌದು, ಒದ್ದೆ ಕಾಗದದ ಮೇಲೆ ಮಸಿ ತಟ್ಟಿದಾಗ ಮೇಲ್ಮೈ ಕಪ್ಪಾಗಿ, ಕೊರೆದ ಅಕ್ಷರ ಬೆಳ್ಳಗೆ ಉಳೀತದೆ. ಆದರೆ ಮಸಿಯುಂಡೆಗೆ ಕನ್ನಡ ಬಾರದು. ಸೀಳನ್ನೂ ಅಕ್ಷರವನ್ನೂ ಅದು ಸಮನಾಗಿ ಬಿಡ್ತದೆ. ಮಾಸ್ಕ್ ಎಳೆಯುವ ಕೈ ಓದಬಲ್ಲ ಕೈ. ವ್ಯತ್ಯಾಸ ಅಲ್ಲೇ ಇದೆ.

ಕೊಹಿನೂರ, ಬಸವಕಲ್ಯಾಣ, ಹುಮನಾಬಾದ ಭಾಗದ ಊರೂರು ತಿರುಗಿ ಕಲ್ಲುಗಳ ಚಿತ್ರ ತೆಗೆಯುವ ಗೆಳೆಯರಲ್ಲಿ ಇಷ್ಟು ಕೇಳ್ತೇನೆ. ಮೂಲ ಚಿತ್ರವನ್ನು ಮುಟ್ಟದೆ ಇಡಿ. ಪದರಗಳಿರುವ ಕಡತವನ್ನೂ ಉಳಿಸಿ. ಹಂಚುವಾಗ ಎರಡನ್ನೂ ಅಕ್ಕಪಕ್ಕ ಹಾಕಿ, ಏನನ್ನು ಮುಚ್ಚಿದ್ದೀರಿ ಎಂದು ಅಡಿಯಲ್ಲಿ ಒಂದು ಸಾಲು ಬರೆಯಿರಿ. ಬಿಸಿಲು ಮಳೆಗೆ ಕಲ್ಲು ಸವೀತಾ ಇದೆ. ನಾಳೆ ಓದುವವರಿಗೆ ನಿಮ್ಮ ಮೂಲ ಚಿತ್ರವೊಂದೇ ಆಧಾರವಾಗಬಹುದು.