ಕಬ್ಬಿನ ಬಿಲ್ಲು ಮತ್ತು ಷೇರುಪೇಟೆ

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ರೈತ ಮನೆಗಳಿಗೆ ಷೇರು ಹೊಸದಲ್ಲ. ಪಾಂಡವಪುರ ಸಹಕಾರ ಸಕ್ಕರೆ ಕಾರ್ಖಾನೆಯ ಷೇರುಪತ್ರ ಎಷ್ಟೋ ಮನೆಗಳ ಟ್ರಂಕಿನಲ್ಲಿ ಪಹಣಿ, ಕ್ರಯಪತ್ರಗಳ ಜೊತೆ ಇಂದಿಗೂ ಇದೆ. ಆ ಕಾರ್ಖಾನೆ ಹಲವು ಹಂಗಾಮು ಕಬ್ಬು ಅರೆಯದೆ ನಿಂತಿತ್ತು. 2020ರಲ್ಲಿ ಅದನ್ನು 40 ವರ್ಷಕ್ಕೆ ಖಾಸಗಿ ಕಂಪನಿಗೆ ಗುತ್ತಿಗೆ ಕೊಟ್ಟರು. ಆ ಕೆಟ್ಟ ವರ್ಷಗಳಲ್ಲಿ ರೈತ ತನ್ನ ಷೇರನ್ನು ಮಾರಿ ಹೊರಬರಲು ಒಂದು ಪೇಟೆಯೂ ಇರಲಿಲ್ಲ. ‘ಷೇರಿನ ಸಹವಾಸ ನಮಗೆ ಬೇಡ’ ಎನ್ನುವ ಹಿರಿಯರು ತಾವು ಆಗಲೇ ಷೇರುದಾರರು, ಅದೂ ಮಾರಲಾಗದ ಷೇರಿನ ಒಡೆಯರು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಈಗ ಅವರ ಮಕ್ಕಳ ಮೊಬೈಲಿನಲ್ಲಿ ಡಿಮ್ಯಾಟ್ ಖಾತೆ ಇದೆ. ಕೆಲವರು ತಿಂಗಳಿಗೆ 500 ರೂಪಾಯಿಯ ಎಸ್‌ಐಪಿ ಕಟ್ಟುತ್ತಾರೆ, ಕೆಲವರು ಆಪ್ಷನ್ಸ್ ಆಡುತ್ತಾರೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥಕ್ಕೆ ಜಮೀನು ಹೋದವರ ಕೈಯಲ್ಲಿ ಪರಿಹಾರದ ದುಡ್ಡು ಓಡಾಡಿದ್ದೂ ಇಂಥದೇ ಕಾಲದಲ್ಲಿ. ಬ್ಯಾಂಕ್ ಠೇವಣಿ, ಎಲ್‌ಐಸಿ, ಒಂದಿಷ್ಟು ಚಿನ್ನ ಇಷ್ಟರಲ್ಲೇ ಬದುಕಿದ ನನಗೆ ಈ ಹೊಸ ರೂಢಿ ಕಂಡರೆ ಅಂಜಿಕೆಯೂ ಇದೆ, ಒಪ್ಪಿಗೆಯೂ ಇದೆ. ಯಾವುದಕ್ಕೆ ಅಂಜಬೇಕು, ಯಾವುದನ್ನು ಒಪ್ಪಬೇಕು ಎಂದು ಬಿಡಿಸಿ ನೋಡದೆ ಎಲ್ಲವನ್ನೂ ‘ರಿಸ್ಕು’ ಎಂದು ಒಂದೇ ಗಂಟು ಕಟ್ಟುವುದು ಸರಿಯಲ್ಲ.

ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಿಚಾರದಲ್ಲಿ ನನಗೆ ಎರಡು ಮನಸ್ಸಿಲ್ಲ. ಷೇರುಪೇಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೂರು ಹಣಕಾಸು ವರ್ಷಗಳಲ್ಲಿ ಈ ವಹಿವಾಟು ಮಾಡಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇ 93ರಷ್ಟು ಮಂದಿ ಕಳೆದುಕೊಂಡವರೇ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿತ್ತು; ತಲೆಗೆ ಸರಾಸರಿ 2 ಲಕ್ಷ. ಆಡಿದವರಲ್ಲಿ ಶೇ 75ರಷ್ಟು ಮಂದಿ ತಮ್ಮ ವಾರ್ಷಿಕ ಆದಾಯ 5 ಲಕ್ಷಕ್ಕಿಂತ ಕಡಿಮೆ ಎಂದು ಘೋಷಿಸಿಕೊಂಡವರು. ಹೆಚ್ಚಿನವರು ದೊಡ್ಡ ನಗರಗಳ ಆಚೆಯವರು. ಅಂದರೆ ನಮ್ಮಂಥ ಊರುಗಳ ಹುಡುಗರು. ಇದನ್ನು ಹೂಡಿಕೆ ಎಂದು ಕರೆಯುವುದೇ ತಪ್ಪು. ಇದಕ್ಕೆ ಸುರಿಯುವ ದುಡ್ಡು ಯಾವ ಕಾರ್ಖಾನೆಯ ಚಕ್ರವನ್ನೂ ತಿರುಗಿಸುವುದಿಲ್ಲ. ಒಬ್ಬನ ಜೇಬಿನಿಂದ ಇನ್ನೊಬ್ಬನ ಜೇಬಿಗೆ ಹೋಗುತ್ತದೆ, ನಡುವೆ ಬ್ರೋಕರು ತನ್ನ ಪಾಲು ತೆಗೆದುಕೊಳ್ಳುತ್ತಾನೆ.

ಆದರೆ ಎಚ್ಚರಿಕೆಯ ಹೆಸರಿನಲ್ಲಿ ನಾವು ಮಾಡುತ್ತಿರುವುದನ್ನೂ ಇಷ್ಟೇ ನಿಷ್ಠುರವಾಗಿ ನೋಡಬೇಕು. ಬ್ಯಾಂಕ್ ಠೇವಣಿಗೆ ವಿಮೆ ಇದೆ. 2020ರ ಫೆಬ್ರುವರಿಯಿಂದ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅದು 5 ಲಕ್ಷದವರೆಗೆ. ಬ್ಯಾಂಕ್ ಅಲ್ಲದ ಸೌಹಾರ್ದ ಸಂಘಗಳ ಠೇವಣಿಗೆ ಆ ವಿಮೆ ಇಲ್ಲ. ಹೆಚ್ಚು ಬಡ್ಡಿ, ಪರಿಚಯದ ಮುಖ ಎಂದು ಅಲ್ಲಿ ಇಡುವವರಿಗೆ ಇದನ್ನು ಯಾರೂ ಒತ್ತಿ ಹೇಳುವುದಿಲ್ಲ. ಊರಿನ ಚೀಟಿಯಂತೂ ನಡೆಸುವವನ ನಾಲಿಗೆಯ ಮೇಲೆ ನಿಂತಿದೆ. 1982ರ ಚಿಟ್ ಫಂಡ್ ಕಾಯ್ದೆ ಇದೆ, ಎಂಎಸ್‌ಐಎಲ್ ಎಂಬ ಸರ್ಕಾರಿ ಸಂಸ್ಥೆಯೇ ಚೀಟಿ ನಡೆಸುತ್ತದೆ. ಆದರೂ ನೋಂದಣಿಯಿಲ್ಲದ ಚೀಟಿಗೆ ದುಡ್ಡು ಹಾಕುವುದನ್ನು ನಮ್ಮಲ್ಲಿ ಯಾರೂ ಅಪಾಯ ಎಂದು ಎಣಿಸುವುದಿಲ್ಲ. ತಿಂಗಳು ತಿಂಗಳು ಲಾಭದ ಪಾಲು ಬರುತ್ತದೆ ಎಂದು ನಂಬಿದವರ ಗತಿ ಏನಾಯಿತು ಎಂಬುದನ್ನು 2019ರಲ್ಲಿ ಬೆಂಗಳೂರಿನ ಐಎಂಎ ಪ್ರಕರಣದಲ್ಲಿ ಕಂಡೆವು. ಅಲ್ಲಿ ಕಳೆದುಕೊಂಡವರಲ್ಲಿ ಬಹಳ ಮಂದಿ ಜೂಜಾಡುವವರಾಗಿರಲಿಲ್ಲ, ಎಚ್ಚರಿಕೆಯ ಜನವೇ ಆಗಿದ್ದರು.

ಇದಕ್ಕಿಂತ ಆಳದ ತೊಡಕು ಇನ್ನೊಂದಿದೆ. ಕಬ್ಬು ಬೆಳೆಯುವವನ ಜಮೀನು, ಬೆಳೆ, ಕಾರ್ಖಾನೆಯ ಷೇರು, ಸೊಸೈಟಿಯ ಠೇವಣಿ, ನೆರೆಯವನಿಗೆ ಕೊಟ್ಟ ಕೈಸಾಲ, ಚೀಟಿ ಎಲ್ಲವೂ ಒಂದೇ ನೀರಿಗೆ ಕಟ್ಟಿಕೊಂಡಿವೆ. 2023ರಲ್ಲಿ ಕೆಆರ್‌ಎಸ್ ಜಲಾಶಯ 124.80 ಅಡಿ ತುಂಬಲಿಲ್ಲ, ನಾಲೆಗೆ ಕಟ್ಟು ನೀರು ಬಂತು. ಅಂಥ ವರ್ಷ ಬೆಳೆ ಒಣಗುತ್ತದೆ, ಕೈಸಾಲ ವಾಪಸು ಬರುವುದಿಲ್ಲ, ಚೀಟಿ ಎತ್ತಿದವನು ಕಂತು ಕಟ್ಟುವುದಿಲ್ಲ, ಸೊಸೈಟಿಯ ಸಾಲ ಬಾಕಿ ಬೀಳುತ್ತದೆ. ಎಲ್ಲವೂ ಒಟ್ಟಿಗೆ ಬೀಳುತ್ತವೆ. ಮಳೆಯನ್ನೇ ನಂಬಿ ರಾಗಿ ಬಿತ್ತುವ, ಸಾಲ ಮಾಡಿ ಬೋರ್‌ವೆಲ್ ಕೊರೆಸುವ ನಾಗಮಂಗಲದ ರೈತನ ಪಾಡು ಇನ್ನೂ ಬಿಗಿ. ದೇಶದ ದೊಡ್ಡ ಕಂಪನಿಗಳ ಷೇರು ಕೊಂಡು ಇಡುವ ಸೂಚ್ಯಂಕ ಫಂಡಿಗೆ ಕೆಆರ್‌ಎಸ್ ಮಟ್ಟದ ಹಂಗಿಲ್ಲ. ಎಚ್ಚರಿಕೆಯವನಾದ ನಾನು ಷೇರುಪೇಟೆಯನ್ನು ಒಪ್ಪುವುದು ಈ ಒಂದು ಕಾರಣಕ್ಕೆ. ಹೆಚ್ಚು ಲಾಭದ ಆಸೆಗಿಂತ ಈ ವಾದ ಗಟ್ಟಿಯಾದದ್ದು, ಆದರೂ ಫಂಡು ಮಾರುವವರ ಬಾಯಲ್ಲಿ ಇದು ಬರುವುದೇ ಇಲ್ಲ.

ಅಂಜಿಕೆ ಉಳಿಯುವುದು ಹೊತ್ತಿನ ವಿಷಯದಲ್ಲಿ. 2008ರ ಜನವರಿಯಲ್ಲಿ 21,000 ಮುಟ್ಟಿದ ಸೆನ್ಸೆಕ್ಸ್ ಅಕ್ಟೋಬರ್ ಕೊನೆಯ ವಾರದಲ್ಲಿ 9,000ಕ್ಕಿಂತ ಕೆಳಗಿಳಿದಿತ್ತು; ಹಳೆಯ ಮಟ್ಟ ಕಾಣಲು 2010ರ ನವೆಂಬರ್ ಬರಬೇಕಾಯಿತು. 2020ರ ಮಾರ್ಚ್ 23ರಂದು 26,000ದ ಕೆಳಗೆ ಕುಸಿದದ್ದು ಅದೇ ವರ್ಷದ ನವೆಂಬರ್‌ನಲ್ಲಿ 42,000 ದಾಟಿತು. ಕಾಯಬಲ್ಲವನಿಗೆ ಎರಡೂ ಬರೀ ಕಥೆ. ಸಂಬಳದವನು ಕಾಯುತ್ತಾನೆ. ಕಬ್ಬು ಸರಬರಾಜಾದ 14 ದಿನದೊಳಗೆ ದುಡ್ಡು ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳಿದರೂ ಬಿಲ್ಲು ತಿಂಗಳುಗಟ್ಟಲೆ ಬಾಕಿ ಉಳಿದ ಹಂಗಾಮುಗಳನ್ನು ಮಂಡ್ಯದ ರೈತ ಕಂಡಿದ್ದಾನೆ. ಬಿಲ್ಲು ಬರದ ತಿಂಗಳಲ್ಲೇ ಮಗಳ ಕಾಲೇಜಿನ ಫೀಸು, ಗೊಬ್ಬರ, ಸಾಲದ ಕಂತು ಬರುತ್ತವೆ. ಆಗ ಪೇಟೆ ಬಿದ್ದಿದ್ದರೂ ಮಾರಲೇಬೇಕು. ಕಾಗದದ ಮೇಲಿನ ನಷ್ಟ ನಿಜದ ನಷ್ಟವಾಗುವುದು ಹಾಗೆ. ಹದಿನೈದು ವರ್ಷದ ಏರುಗೆರೆ ತೋರಿಸುವ ಜಾಹೀರಾತುಗಳು ಕಾಯಲಾಗದವನನ್ನು ನೆನೆಯುವುದೇ ಇಲ್ಲ. ಈ ರೂಢಿಯ ಬಗ್ಗೆ ನನ್ನ ದೊಡ್ಡ ಆಕ್ಷೇಪ ಇದು.

ಹಾಗಾದರೆ ಯಾವ ದುಡ್ಡು ಹೋಗಬಹುದು? ಕಬ್ಬಿನ ಬಿಲ್ಲಲ್ಲ, ಜಮೀನಿನ ಪರಿಹಾರ ಪೂರ್ತಿಯಂತೂ ಅಲ್ಲವೇ ಅಲ್ಲ, ಸಾಲ ತಂದ ದುಡ್ಡು ಎಂದಿಗೂ ಅಲ್ಲ. ಒಂದು ಹಂಗಾಮು ಬೆಳೆ ಕೈಕೊಟ್ಟರೂ ಮನೆ ನಡೆಯುವಷ್ಟನ್ನು ಬ್ಯಾಂಕಿನಲ್ಲಿಟ್ಟು, ಕೈಸಾಲ ತೀರಿಸಿ, ಆಮೇಲೆ ಡೇರಿಯ ಬಟವಾಡೆಯಲ್ಲಿ ಉಳಿದ ಐನೂರೋ ಸಾವಿರವೋ ತಿಂಗಳಿಗೊಮ್ಮೆ ಹೋಗಲಿ. ಹಾಲಿನ ದುಡ್ಡು ಚಿಕ್ಕದು, ಆದರೆ ತಪ್ಪದೆ ಬರುತ್ತದೆ. ಎಸ್‌ಐಪಿ ಬೇಡುವುದೂ ಅಂಥ ದುಡ್ಡನ್ನೇ.

ಈ ನಾಲ್ಕು ತಾಲ್ಲೂಕಿನ ಕೃಷಿ ಪತ್ತಿನ ಸಹಕಾರ ಸಂಘಗಳಿಗೂ ಹಾಲಿನ ಡೇರಿಗಳಿಗೂ ನನ್ನ ಕೋರಿಕೆ ಒಂದೇ. ಬಟವಾಡೆ ಮಾಡುವ ಕಿಟಕಿಯ ಪಕ್ಕದ ಗೋಡೆಯ ಮೇಲೆ ಎರಡು ಸಾಲು ದಪ್ಪ ಅಕ್ಷರದಲ್ಲಿ ಬರೆಸಿ: ಫ್ಯೂಚರ್ಸ್, ಆಪ್ಷನ್ಸ್ ಆಡಿದ ನೂರರಲ್ಲಿ 93 ಮಂದಿ ಕಳೆದುಕೊಂಡಿದ್ದಾರೆ, ಯಾರ ಕೈಗೂ ದುಡ್ಡು ಕೊಡುವ ಮೊದಲು ಅವರ ಹೆಸರು ಸೆಬಿ ಅಥವಾ ರಿಸರ್ವ್ ಬ್ಯಾಂಕಿನ ಪಟ್ಟಿಯಲ್ಲಿದೆಯೇ ನೋಡಿ.