ಬೆಲೆಪಟ್ಟಿಯೊಳಗಣ ನಗರ: ಕಲ್ಪಿತ ಕಾರುಗಳ ಒಂದು ಲೋಕವನ್ನು ಕುರಿತು

ಪ್ರಾಚೀನ ಕಾವ್ಯಗಳಲ್ಲಿ ವಾಹನಕ್ಕೆ ಬೆಲೆಯಿಲ್ಲ. ಪುಷ್ಪಕವಿಮಾನವನ್ನು ರಾವಣನು ಕುಬೇರನಿಂದ ಗೆದ್ದುಕೊಂಡನೇ ಹೊರತು ಕೊಂಡುಕೊಳ್ಳಲಿಲ್ಲ. ರಾಮನು ಅದನ್ನು ಕುಬೇರನಲ್ಲಿಗೆ ಹಿಂದಿರುಗಿಸುವಾಗ ಬಾಡಿಗೆಯ ಮಾತೂ ಏಳಲಿಲ್ಲ. ವಾಹನವು ಏರಿದವನ ಪದವಿಯ ಲಾಂಛನವಾಗಿತ್ತು, ಅಷ್ಟೆ. ಮಾರಾಟಕ್ಕಿಟ್ಟ ವಾಹನವೊಂದು ತನ್ನ ಬೆಲೆಯೊಡನೆ ಕಥೆಯ ಅಂಗವಾಗುವುದು ಈಚಿನ ಸಂಗತಿ. ಪೋಲೆಂಡಿನ ಸಿ.ಡಿ. ಪ್ರೊಜೆಕ್ಟ್ ರೆಡ್ ಸಂಸ್ಥೆಯು 2020ರ ಡಿಸೆಂಬರಿನಲ್ಲಿ ಹೊರತಂದ ‘ಸೈಬರ್‌ಪಂಕ್ 2077’ ಎಂಬ ಕಂಪ್ಯೂಟರ್ ಆಟವು ಇದಕ್ಕೆ ಒಳ್ಳೆಯ ನಿದರ್ಶನ. ಮೈಕ್ ಪಾಂಡ್‌ಸ್ಮಿತ್ 1988ರಲ್ಲಿ ರಚಿಸಿದ ಮೇಜಿನ ಆಟವೇ ಇದರ ಮೂಲ. ಆಟವೊಂದನ್ನು ಸಾಹಿತ್ಯ ವಿಮರ್ಶೆಯ ಪಂಕ್ತಿಗೆ ಕರೆಯಬಹುದೇ ಎಂದು ಹುಬ್ಬೇರಿಸುವವರುಂಟು. ಕಂಪನಿ ನಾಟಕಗಳ ಮುಂದೆಯೂ ಅದೇ ಹುಬ್ಬು ಏರಿತ್ತು.

ಈ ಆಟದ ‘ನೈಟ್ ಸಿಟಿ’ಯಲ್ಲಿ ರಾಜ್ಯಾಡಳಿತವು ಹೆಸರಿಗೆ ಮಾತ್ರ, ಆಳುವವು ದೊಡ್ಡ ಕಂಪನಿಗಳು. ‘ವಿ’ ಎಂಬ ಬಾಡಿಗೆ ಬಂಟನ ದೂರವಾಣಿಗೆ ದಲ್ಲಾಳಿಗಳು ಆಗಾಗ ಸಂದೇಶ ಕಳುಹಿಸುತ್ತಾರೆ: ಇಂಥಲ್ಲಿ ಇಂಥ ಕಾರಿದೆ, ಬೆಲೆ ಇಷ್ಟು. ಥಾರ್ಟನ್, ಮಕಿಗಾಯ್, ಕ್ವಾಡ್ರಾ, ವಿಲ್‌ಫೋರ್ಟ್, ರೇಫೀಲ್ಡ್ ಇವು ಇಲ್ಲದ ಕಾರ್ಖಾನೆಗಳ ಹೆಸರುಗಳು. ಮೊದಲ ಆವೃತ್ತಿಯಲ್ಲಿ ಥಾರ್ಟನ್ ಗಲೇನಾ ಎಂಬ ಬಡವರ ಕಾರಿಗೆ 13,000, ರೇಫೀಲ್ಡ್ ಏರಂಡೈಟ್ ಎಂಬುದಕ್ಕೆ 2,25,000 ಯೂರೋಡಾಲರು. ಹದಿನೇಳು ಪಟ್ಟಿನ ಈ ಅಂತರವೇ ಆ ನಗರದ ಸಮಾಜಶಾಸ್ತ್ರ. ನಮ್ಮ ಚಂಪೂಕವಿಗಳು ಅರಮನೆಯಿಂದ ಸೂಳೆಗೇರಿಯವರೆಗೆ ನಡೆಸಿಕೊಂಡು ಹೋಗಿ ಮಾಡಿದ ಪುರವರ್ಣನೆಯನ್ನು ಇಲ್ಲಿ ಒಂದು ಬೆಲೆಪಟ್ಟಿ ಮಾಡುತ್ತದೆ.

ಅತ್ಯಂತ ಬೆಲೆಯ ಕಾರಿನ ಕಲ್ಪನೆಯಂತೂ ಮೆಚ್ಚತಕ್ಕದ್ದು. ರೇಫೀಲ್ಡ್ ಕಾರಿಗೆ ಗಾಜಿನ ಕಿಟಕಿಯಿಲ್ಲ. ಒಳಗೋಡೆಯ ಪರದೆಗಳ ಮೇಲೆ ಹೊರಗಿನ ಬೀದಿಯು ಚಿತ್ರವಾಗಿ ಮೂಡುತ್ತದೆ. ಹಣವುಳ್ಳವನು ಬಡತನವನ್ನು ಕಾಣುವುದು ಚಿತ್ರವಾಗಿ ಮಾತ್ರ ಎಂಬ ಮಾತನ್ನು ಹತ್ತು ಪುಟಗಳ ಭಾಷಣವೂ ಇಷ್ಟು ಹೃದ್ಯವಾಗಿ ಹೇಳಲಾರದು. ವಸ್ತುವಿನಿಂದಲೇ ಧ್ವನಿ ಹೊರಡುವ ಇಂಥ ಎಡೆಗಳಲ್ಲಿ ಈ ಕೃತಿ ನಿಜವಾಗಿ ಕಾವ್ಯದ ಹತ್ತಿರ ಬರುತ್ತದೆ.

ಆದರೆ ಕ್ಷೇಮೇಂದ್ರನು ಹೇಳುವ ಔಚಿತ್ಯದ ಒರೆಗಲ್ಲಿಗೆ ತಿಕ್ಕಿದಾಗ ದೋಷ ತೋರುತ್ತದೆ. ಕಾರನ್ನು ಕೊಂಡ ಮೇಲೆ ಇಂಧನ ತುಂಬಬೇಕಿಲ್ಲ. ಸಾಲದ ಕಂತಿಲ್ಲ, ಪರವಾನಗಿಯಿಲ್ಲ. ನುಚ್ಚುನೂರಾದರೂ ಕೆಲಹೊತ್ತಿನಲ್ಲಿ ದುರಸ್ತಿಯಾಗಿ ಬರುತ್ತದೆ. ಕೊಳ್ಳುವ ಕ್ಷಣದಲ್ಲಿ ಅಷ್ಟು ಕಠೋರವಾದ ಲೋಕವು ಕೊಂಡ ಮರುಕ್ಷಣದಲ್ಲಿ ಕಲ್ಪವೃಕ್ಷವಾಗಿಬಿಡುತ್ತದೆ.

ಠಾಣೆ ನಿಲ್ದಾಣದ ಪೂರ್ವಕ್ಕಿರುವ ಕೋಪರಿಯ ಓದುಗನಿಗೆ ಈ ಅನೌಚಿತ್ಯವನ್ನು ವಿವರಿಸಬೇಕಾಗಿಲ್ಲ. ಎಂಟು ಸಾಲಿನ ಪೂರ್ವ ಹೆದ್ದಾರಿಯು ಕೋಪರಿಯ ರೈಲ್ವೆ ಸೇತುವೆಯ ಮೇಲೆ ನಾಲ್ಕು ಸಾಲಾಗಿ ಇಕ್ಕಟ್ಟಾಗುತ್ತಿತ್ತು. 2023ರಲ್ಲಿ ವಿಸ್ತರಣೆ ಮುಗಿಯುವವರೆಗೂ ಸಾವಿರದ ಕಾರೂ ಲಕ್ಷದ ಕಾರೂ ಅಲ್ಲಿ ಸಮಾನವಾಗಿ ನಿಲ್ಲುತ್ತಿದ್ದವು. ಪಕ್ಕದ ಆನಂದನಗರದ ನಾಕೆಯಲ್ಲಿ ಲಘು ವಾಹನಗಳು 2024ರ ಅಕ್ಟೋಬರಿನವರೆಗೆ ಸುಂಕ ತೆತ್ತವು. ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ಹುಟ್ಟಿ, ಚಿತ್ತೋಡದ ರಾಣಿಯ ಹೆಸರು ಹೊತ್ತು, ಕಪ್ಪು ಹಳದಿ ಬಣ್ಣದಲ್ಲಿ ದುಡಿದ ಪದ್ಮಿನಿ ಟ್ಯಾಕ್ಸಿಯ ಕಥೆ ಇನ್ನೂ ಸ್ಪಷ್ಟ. ಮುಂಬಯಿಯ ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಆಯುಸ್ಸು. ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವದ ಸಾರಿಗೆ ಕಚೇರಿಯಲ್ಲಿ ನೋಂದಣಿಯಾದುದು 2003ರ ಅಕ್ಟೋಬರ್ 29ರಂದು. ಆದಕಾರಣ 2023ರ ಅಕ್ಟೋಬರ್ 30ರಿಂದ ಆ ಹೆಸರಿನ ಟ್ಯಾಕ್ಸಿ ಬೀದಿಯಲ್ಲಿಲ್ಲ. ಕಾರಿನ ನಿಜವಾದ ಕಥಾವಸ್ತು ಈ ಕ್ಷಯದಲ್ಲಿದೆ. ನೈಟ್ ಸಿಟಿಯ ಕರ್ತೃಗಳು ಅದನ್ನು ಮುಟ್ಟಲಿಲ್ಲ.

ಮುಂಬಯಿಯ ಕನ್ನಡ ಕಾದಂಬರಿ ಇದನ್ನು ಭವಿಷ್ಯದ ಹಂಗಿಲ್ಲದೆ ಮುಟ್ಟಿತ್ತೆಂಬುದು ಸ್ಮರಣೀಯ. ಯಶವಂತ ಚಿತ್ತಾಲರ ‘ಶಿಕಾರಿ’ (1979) ಕಂಪನಿಯೊಂದರ ಒಳಗೆ ಮನುಷ್ಯನು ಬೇಟೆಯ ಮಿಗವಾಗುವುದನ್ನು ತೋರಿಸಿತು. ಅಲ್ಲಿ ಹಾರುವ ಯಂತ್ರಗಳಿಲ್ಲ. ಕಚೇರಿಯ ಕೋಣೆಗಳು ಸಾಕಾದವು. ನಾಗಪ್ಪನ ಭಯಕ್ಕೆ ದುರಸ್ತಿಯಾಗಿ ಮರಳುವ ಸೌಕರ್ಯವೂ ಇಲ್ಲ. ಹೋಲಿಕೆಯಲ್ಲಿ ನೈಟ್ ಸಿಟಿಯ ಕತ್ತಲೆ ಬಹುಮಟ್ಟಿಗೆ ಬಣ್ಣದ ದೀಪದ ಕತ್ತಲೆ.

2023ರ ಸೆಪ್ಟೆಂಬರಿನ ಪರಿಷ್ಕರಣದಲ್ಲಿ ದಲ್ಲಾಳಿಗಳ ಸಂದೇಶಗಳಿಗೆ ಬದಲಾಗಿ ‘ಆಟೋಫಿಕ್ಸರ್’ ಎಂಬ ಒಂದೇ ಅಂಗಡಿ ಬಂದಿತು. ಅದರೊಡನೆ ಬಂದ ಹೊಸ ಕಥಾಭಾಗದಲ್ಲಿ ಪರರ ಕಾರುಗಳನ್ನು ಕದ್ದು ತಲುಪಿಸಿದವನಿಗೆ ಆ ಅಂಗಡಿಯಲ್ಲಿ ರಿಯಾಯಿತಿ ದೊರೆಯುತ್ತದೆ. ವ್ಯಾಪಾರದ ವಿಡಂಬನೆಯಾಗಿ ಇದು ತೀಕ್ಷ್ಣವಾದುದು. ಆದರೆ ಆಡುವವನು ಅದನ್ನು ವಿಡಂಬನೆಯೆಂದು ಓದುವುದಕ್ಕಿಂತ ಲಾಭವೆಂದು ಎಣಿಸುವುದೇ ಹೆಚ್ಚು. ಇನ್ನೊಂದು ವಿಚಿತ್ರ: ಈ ಲೋಕದಲ್ಲಿ ನಿಜವಾದ ಹೆಸರಿನ ಕಾರು ಒಂದುಂಟು. ಸತ್ತ ಗಾಯಕ ಜಾನಿ ಸಿಲ್ವರ್‌ಹ್ಯಾಂಡನ 1977ರ ಪೋರ್ಷೆ ಅದು. ಅದು ಬೆಲೆಪಟ್ಟಿಯಲ್ಲಿಲ್ಲ. ಅವನ ಹಳೆಯ ವೈರವೊಂದನ್ನು ಬೆನ್ನಟ್ಟಿ ಹೋದವನಿಗೆ ಅದು ತಾನಾಗಿ ದಕ್ಕುತ್ತದೆ, ಪುಷ್ಪಕದಂತೆ.