ಊರ ಹೆಸರು ಹೊತ್ತ ಚಿನ್ನ

ವಿಜಯನಗರದ ಕಾಲದ ಶಾಸನಗಳಲ್ಲಿ ದೇವಸ್ಥಾನಕ್ಕೆ ಬಿಟ್ಟ ದತ್ತಿಯ ಲೆಕ್ಕ ಓದುವಾಗ ‘ಬಾರಕೂರ ಗದ್ಯಾಣ’ ಎಂಬ ಮಾತು ಸಿಕ್ಕರೆ ನನಗೆ ಮುಂದಕ್ಕೆ ಹೋಗಲು ಮನಸ್ಸೇ ಬರುವುದಿಲ್ಲ. ಗದ್ಯಾಣವೆಂದರೆ ಚಿನ್ನದ ನಾಣ್ಯ, ಆದರೆ ಬರೀ ಗದ್ಯಾಣ ಎಂದರೆ ಸಾಲುತ್ತಿರಲಿಲ್ಲ. ಯಾವ ಊರಿನ ಟಂಕಸಾಲೆಯದು ಎಂದೂ ಹೇಳಬೇಕಿತ್ತು. ಮಂಗಳೂರ ಗದ್ಯಾಣ ಬೇರೆ, ಬಾರಕೂರ ಗದ್ಯಾಣ ಬೇರೆ. ಸೀತಾನದಿಯ ದಡದ ಬಾರಕೂರು ಆಗ ವಿಜಯನಗರದ ಒಂದು ಪ್ರಾಂತ್ಯವಾದ ಬಾರಕೂರು ರಾಜ್ಯದ ರಾಜಧಾನಿ. ಚಿನ್ನಕ್ಕೆ ಅಂಟಿದ ಊರ ಹೆಸರು ಆ ಚಿನ್ನದ ತೂಕಕ್ಕೂ ಸಾಕ್ಷಿ.

ಇಂಗ್ಲಿಷಿನ ‘ಮನಿ’ ಹುಟ್ಟಿದ್ದೂ ಹೀಗೆ ಒಂದು ಜಾಗದಿಂದಲೇ. ರೋಮಿನ ಕ್ಯಾಪಿಟೋಲ್ ಗುಡ್ಡದ ಮೇಲೆ ಕ್ರಿ.ಪೂ. 344ರಲ್ಲಿ ಜೂನೋ ದೇವಿಗೆ ಗುಡಿಯಾಯಿತು. ದೇವಿಯ ಬಿರುದು ಮೊನೇಟಾ. ಮುಂದೆ ಅದರ ಬಳಿಯೇ ಟಂಕಸಾಲೆ ಬಂತು. ದೇವಿಯ ಬಿರುದು ಟಂಕಸಾಲೆಗೆ, ಟಂಕಸಾಲೆಯ ಹೆಸರು ಅಲ್ಲಿ ಅಚ್ಚಾದ ನಾಣ್ಯಕ್ಕೆ ಬಂತು. ಲ್ಯಾಟಿನಿನ ಆ ಪದ ಹಳೆಯ ಇಂಗ್ಲಿಷಿಗೆ ಇಳಿದು ‘ಮಿಂಟ್’ ಆಯಿತು, ಶತಮಾನಗಳ ಮೇಲೆ ಫ್ರೆಂಚಿನ ದಾರಿಯಲ್ಲಿ ಮತ್ತೊಮ್ಮೆ ಬಂದು ‘ಮನಿ’ ಆಯಿತು. ಮೊನೇಟಾ ಎಂದರೆ ಎಚ್ಚರಿಸುವವಳು ಎಂದು ರೋಮನ್ನರೇ ಅರ್ಥ ಹೇಳುತ್ತಿದ್ದರು, ಅವರ ವಾಗ್ಮಿ ಸಿಸೆರೋ ಹಾಗೆ ಬರೆದಿದ್ದಾನೆ. ವಿದ್ವಾಂಸರೆಲ್ಲ ಅದನ್ನು ಒಪ್ಪುವುದಿಲ್ಲ, ನನಗಂತೂ ಆ ಅರ್ಥ ಬಹಳ ಇಷ್ಟ. ಚಟ್ನಿಗೆ ಹಾಕುವ ಪುದೀನದ ‘ಮಿಂಟ್’ಗೂ ಇದಕ್ಕೂ ನಂಟಿಲ್ಲ, ಅದು ಮೆಂಥಾ ಎಂಬ ಬೇರೆಯೇ ಪದ.

ಮತ್ತೆ ಬಾರಕೂರಿಗೆ ಬಂದರೆ, ಅದನ್ನು ವಿಜಯನಗರಕ್ಕೂ ಮೊದಲು ಆಳಿದವರು ಆಳುಪರು. ಅವರ ಚಿನ್ನದ ನಾಣ್ಯ ನೋಡಲು ಚೆಂದ: ಒಂದು ಮುಖದಲ್ಲಿ ಜೋಡಿ ಮೀನು, ಇನ್ನೊಂದರಲ್ಲಿ ‘ಶ್ರೀ ಪಾಂಡ್ಯ ಧನಂಜಯ’ ಎಂಬ ಬಿರುದು, ಕೆಲವದರಲ್ಲಿ ಕನ್ನಡದಲ್ಲಿ, ಕೆಲವದರಲ್ಲಿ ನಾಗರಿಯಲ್ಲಿ. ಕಡಲ ಕರೆಯ ಅರಸರಿಗೆ ಮೀನಿಗಿಂತ ಒಪ್ಪುವ ಲಾಂಛನ ಬೇರೊಂದಿಲ್ಲ ಎಂದೇ ನನ್ನೆಣಿಕೆ.

ರೋಮಿನ ದುಡ್ಡು ನಮ್ಮ ನಾಡಿಗೆ ಬಂದದ್ದೂ ಉಂಟು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ನರ ಬೆಳ್ಳಿಯ ‘ಡಿನೇರಿಯಸ್’ ಸಿಕ್ಕಿದೆ. ಹತ್ತರದ್ದು ಎಂಬುದು ಆ ಪದದ ಅರ್ಥ. ಆರಂಭದಲ್ಲಿ ಅದರ ಬೆಲೆ ಹತ್ತು ಕಂಚಿನ ಕಾಸು. ಸಂಸ್ಕೃತದಲ್ಲಿ ಅದು ದೀನಾರವಾಯಿತು. ಬ್ರಿಟನ್ನಿನಲ್ಲಿ 1971ರವರೆಗೂ ಪೆನ್ನಿಯನ್ನು ‘ಡಿ’ ಎಂದು ಬರೆಯುತ್ತಿದ್ದುದು ಇದೇ ಪದದ ಮೊದಲಕ್ಷರ. ಅದೇ ಪದ ಗ್ರೀಕಿನ ಮೂಲಕ ಅರಬಿಗೂ ಹೋಯಿತು. ಕುವೈತ್, ಬಹರೈನ್‌ಗಳಿಗೆ ದುಡಿಯಲು ಹೋದ ನಮ್ಮ ಕರಾವಳಿಯವರಿಗೆ ಇಂದಿಗೂ ಸಂಬಳ ದಿನಾರಿನಲ್ಲೇ.